ಎಲೆ ಮುಂದೆ ಕೂತವನಿಗೆ ಕೇಳಿದ ಪ್ರಶ್ನೆ

ಬಲಗೈಯ ತೋರುಬೆರಳಿಲ್ಲದೆ ನನಗೆ ವಾದ ಮಾಡಲು ಬರುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನಲ್ಲಿ ತೂತು ಕಂಡ ಕೂಡಲೇ ಆ ಬೆರಳು ತಾನಾಗಿ ಮೇಲೇಳುತ್ತಿತ್ತು. ತರೀಕೆರೆಯ ಶಾಲೆಯೊಂದಕ್ಕೆ ಮೇಷ್ಟರಾಗಿ ಸೇರಿದ ಮೇಲೆ ಸೀಮೆಸುಣ್ಣ ಹಿಡಿಯುವುದಕ್ಕೂ ಅದೇ ಬೇಕಾಯಿತು. ಜಿಮ್ಮಿನ ಬೆಂಚು ಜಜ್ಜಿದ್ದು ಅದನ್ನೇ.

ಜಿಮ್ ಇದ್ದದ್ದು ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಕಾಲದಲ್ಲಿ ಅಡಿಕೆ ಮೂಟೆ ಪೇರಿಸುತ್ತಿದ್ದ ಗೋಡೌನಿನಲ್ಲಿ. ಅಲ್ಲಿನ ಬೆಂಚೊಂದರ ಒರಗು ಹಲಗೆಯನ್ನು ಬೇಕಾದ ಎತ್ತರಕ್ಕೆ ಏರಿಸಿ, ಪಿನ್ ಸಿಗಿಸಿ ನಿಲ್ಲಿಸಬೇಕು. ಅದರ ಅಸಲಿ ಪಿನ್ ಯಾವಾಗಲೋ ಕಳೆದುಹೋಗಿತ್ತು. ಆ ಜಾಗಕ್ಕೆ ಗದ್ದೆ ಉಳುವ ಟಿಲ್ಲರಿನ ಬೋಲ್ಟೊಂದು ಬಂದು ಕೂತಿತ್ತು. ತೂತು ದೊಡ್ಡದು, ಬೋಲ್ಟು ಸಣ್ಣದು. ಅಲ್ಲಾಡದಿರಲಿ ಎಂದು ತಂತಿ ಸುತ್ತಿದ್ದರು. ಆ ದಿನ ಬೆಳಿಗ್ಗೆ ನಾನು ಹಲಗೆ ಏರಿಸಿ, ಬೋಲ್ಟು ಸಿಗಿಸಿ, ಕೈ ತೆಗೆಯುವಷ್ಟರಲ್ಲಿ ತಂತಿ ಬಿಚ್ಚಿಕೊಂಡಿತು. ಹಲಗೆ ಕುಸಿಯಿತು. ಬೆರಳು ಎರಡು ಕಬ್ಬಿಣದ ನಡುವೆ ಸಿಕ್ಕಿತು.

ಉಗುರು ಹೋಯಿತು. ಎಕ್ಸ್‌ರೇಯಲ್ಲಿ ತುದಿಯ ಮೂಳೆಗೆ ಕೂದಲೆಳೆಯಷ್ಟು ಬಿರುಕು ಕಂಡಿತು. "ನಿಮ್ ಪುಣ್ಯ, ಸಣ್ಣದ್ರಲ್ಲಿ ಹೋಯ್ತು" ಎಂದರು ಡಾಕ್ಟರು. ಸಣ್ಣದು ಎಂಬುದನ್ನು ಒಪ್ಪಿದೆ. ಪುಣ್ಯ ಎಂಬುದಕ್ಕೆ ಆಧಾರ ಕೇಳಬೇಕೆನಿಸಿತು, ಬೆರಳು ಎತ್ತಲಾಗಲಿಲ್ಲ.

ಆಸ್ಪತ್ರೆಯ ಖರ್ಚನ್ನು ಜಿಮ್ಮಿನ ಮಾಲೀಕ ಕೊಡಬೇಕು ಎಂಬುದು ನನ್ನ ಬೇಡಿಕೆ. ಆದರೆ ಅದಕ್ಕಿಂತ ಹೆಚ್ಚಾಗಿ, ಬೆಂಚು ಕೆಟ್ಟಿತ್ತು ಎಂಬ ಮಾತು ಅವನ ಬಾಯಿಂದಲೇ ಬರಬೇಕಿತ್ತು. ಯಾಕೆಂದರೆ ಅಷ್ಟರಲ್ಲಾಗಲೇ ಅವನು, ಮೇಷ್ಟ್ರಿಗೆ ಅಭ್ಯಾಸವಿಲ್ಲ, ಅವಸರ ಮಾಡಿಕೊಂಡರು ಎಂದು ಬಂದವರಿಗೆಲ್ಲ ಹೇಳಿಯಾಗಿತ್ತು. ಶಾಲೆಯ ಹುಡುಗರವರೆಗೂ ಆ ಸುದ್ದಿ ಬಂದಿತ್ತು.

ಶನಿವಾರ ಬೆರಳಿಗೆ ಕಟ್ಟಿದ್ದ ಬ್ಯಾಂಡೇಜಿನೊಂದಿಗೇ ಹೋದೆ. ಅವನು ಗಟ್ಟಿಮುಟ್ಟಾದ ಆಳು, ಹಣೆಯಲ್ಲಿ ವಿಭೂತಿ, ಮಾತು ಮಾತ್ರ ಬೆಣ್ಣೆ.

"ಬೆಂಚಿಂದೇನೂ ತಪ್ಪಿಲ್ಲ ಮೇಷ್ಟ್ರೇ. ಎಲ್ರೂ ಅದ್ರಲ್ಲೇ ಮಾಡ್ತಾರೆ."

"ಬೇರೆಯವ್ರಿಗೆ ಪೆಟ್ಟಾಗಿಲ್ಲ ಅಂದ್ರೆ ಬೋಲ್ಟು ಸರಿಯಿದೆ ಅಂತಲ್ಲ. ಅವರ ಸರದಿ ಬಂದಿಲ್ಲ ಅಂತ."

"ಅದೂ ಸರೀನೇ."

"ಟಿಲ್ಲರ್ ಬೋಲ್ಟನ್ನ ಮಾಡಿರೋದು ಟಿಲ್ಲರಿಗೆ."

"ಅದೂ ಸರೀನೇ ಕಣ್ರೀ."

"ಹಾಗಾದ್ರೆ ಬೆಂಚು ಕೆಟ್ಟಿತ್ತು ಅಂತ ಒಪ್ಕೋತೀರಾ?"

"ಅದೆಂಗೆ ಒಪ್ಕಳೋದು ಮೇಷ್ಟ್ರೇ? ದೃಷ್ಟಿ ಆಗಿತ್ತು. ನಿನ್ನೆ ಶುಕ್ರವಾರ ನಿಂಬೆಹಣ್ಣು ಕುಯ್ದು ತೆಗ್ದಿದೀನಿ."

ನೋಡಿದರೆ ನಿಜ. ಬೆಂಚಿನ ನಾಲ್ಕು ಕಾಲಿಗೂ ಕುಂಕುಮ. ಅದೇ ಬೋಲ್ಟಿಗೂ ಒಂದು ಬೊಟ್ಟು. ನಾನು ಎಡಗೈಯಲ್ಲಿ ಮೊಬೈಲ್ ಹಿಡಿದು ಫೋಟೊ ತೆಗೆದುಕೊಂಡೆ. ಅವನು ತಡೆಯಲಿಲ್ಲ. ಫೋಟೊಗೆ ಬೀಳಬಾರದೆಂದು ಪಕ್ಕಕ್ಕೆ ಸರಿದು, ಹೊತ್ತು ಹೋಗದವನಂತೆ ಕೇಳಿದ: "ನಿಮ್ಮೂರು ಅಜ್ಜಂಪುರ ಅಂದಿದ್ರಲ್ಲ, ಅಲ್ಲಿ ಯಾರ ಮನೆ?"

ಹೇಳಿದೆ. ಪ್ರಶ್ನೆ ಕೇಳಿದರೆ ನೇರವಾಗಿ ಉತ್ತರಿಸಬೇಕೆಂದು ಕಲಿತವನು ನಾನು.

ಮರುದಿನ ಕಡೂರಿಗೆ ಹೋದೆ. ಕಾಲೇಜಿನಲ್ಲಿ ನನಗೆ ಚರ್ಚೆಯ ಪಟ್ಟು ಹೇಳಿಕೊಟ್ಟಿದ್ದ ಹಿರಿಯ ಗೆಳೆಯ ಈಗ ಅಲ್ಲಿ ವಕೀಲ. ಭಾನುವಾರವೂ ಆಫೀಸು ತೆರೆದಿದ್ದ. ಫೋಟೊಗಳನ್ನು ದೊಡ್ಡದು ಮಾಡಿ ನೋಡಿ ತೊಡೆ ತಟ್ಟಿದ.

"ಇದಕ್ಕಿಂತ ಏನ್ ಬೇಕೋ? ಕುಂಕುಮ ಇಟ್ಟು ತಾನೇ ಸಾಕ್ಷಿ ತೋರ್ಸವ್ನೆ! ಮೊದ್ಲು ನೋಟಿಸ್, ಆಮೇಲೆ ಗ್ರಾಹಕರ ನ್ಯಾಯಾಲಯ. ಅಲ್ಲೀವರ್ಗೂ ಅವನತ್ರ ಮಾತು ಬೇಡ, ರಾಜಿ ಬೇಡ. ತಿಳೀತಾ?"

ಅಲ್ಲಿಂದ ಊರಿಗೆ ಹೊರಟ ಬಸ್ಸಿನಲ್ಲಿ, ಬೀರೂರು ದಾಟುವವರೆಗೂ ನೋಟಿಸಿನ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಒಂದಕ್ಕೂ ಅವನು ಉತ್ತರ ಕೊಡಲಾರ ಅನ್ನಿಸಿತು.

ಅಜ್ಜಂಪುರದ ನಮ್ಮ ಮನೆಯ ಹೊಸ್ತಿಲ ಹೊರಗೆ ಪರಿಚಯವಿಲ್ಲದ ದೊಡ್ಡ ಚಪ್ಪಲಿ ಜೋಡಿ ಇತ್ತು. ಒಳಗೆ ನಡುಮನೆಯಲ್ಲಿ, ಅಪ್ಪನ ಪಕ್ಕ, ಚಾಪೆಯ ಮೇಲೆ ಜಿಮ್ಮಿನ ಮಾಲೀಕ ಕೂತಿದ್ದ. ಮುಂದೆ ಬಾಳೆಗೊನೆಯ ಎರಡು ಚಿಪ್ಪು, ತೆಂಗಿನಕಾಯಿ.

"ಬಾರೋ, ಯಾರ್ ಬಂದವ್ರೆ ನೋಡು!" ಅಪ್ಪನ ಮುಖ ಅರಳಿತ್ತು. "ಶಿವನಿ ಊರಲ್ಲಿ ನಿಮ್ಮತ್ತೆ ಮನೆ ಐತಲ್ಲ, ಅದ್ರ ಪಕ್ಕದ್ಮನೆ ಅಳಿಯ ಕಣೋ ಇವ್ರು. ನೀನು ಬಾಯೇ ಬಿಟ್ಟಿಲ್ಲ!"

"ತಮ್ಮಂಗೆ ಗೊತ್ತಿರ್ಲಿಲ್ಲ ಮಾವ, ಬಿಡಿ" ಎಂದು ಅವನು ನನ್ನ ಪರ ವಕಾಲತ್ತು ವಹಿಸಿದ. ನಿನ್ನೆ ಮೇಷ್ಟ್ರಾಗಿದ್ದವನು ಇವತ್ತು ತಮ್ಮನಾಗಿದ್ದೆ.

ಅಡುಗೆಮನೆಗೆ ಹೋದೆ. ಅಮ್ಮ ಶಾವಿಗೆ ಒರಳಿನ ಹಿಡಿಗೆ ಭಾರ ಬಿಟ್ಟು ಒತ್ತುತ್ತಿದ್ದಳು. ಪಕ್ಕದಲ್ಲಿ ಕಾಯಿಹಾಲಿನ ಪಾತ್ರೆ.

"ಅಮ್ಮ, ಅವನಿಗೆ ನೋಟಿಸ್ ಕೊಡ್ತಿದೀನಿ."

"ಕೊಡುವಂತೆ. ಮೊದ್ಲು ಆ ಎಡಗೈನಾದ್ರೂ ತೊಳ್ಕೊಂಡ್ ಬಾ."

"ಇಲ್ಲಿ ಉಂಡು ಹೋದ್ಮೇಲೆ ಕೊಡೋಕಾಗುತ್ತಾ?"

"ಮನೆಗ್ ಬಂದೋರ್ನ ಉಣ್ಸದೆ ಕಳ್ಸೋಕಾಗುತ್ತಾ?"

ಹೋಗಿ ಎಡಗೈ ತೊಳೆದುಕೊಂಡು ಬಂದೆ.

ಮೂವರಿಗೂ ಸಾಲಾಗಿ ಎಲೆ ಹಾಕಿದಳು. ಎಡಗೈ ಎಲೆಯತ್ತ ಚಾಚಿದರೆ, "ನೆಂಟ್ರ ಮುಂದೆ ಎಡಗೈಲಿ ಉಣ್ತೀಯೇನೋ?" ಎಂದು ಅಪ್ಪ ಗದರಿದರು. ಚಮಚದಲ್ಲಿ ಶಾವಿಗೆ ನಿಲ್ಲಲಿಲ್ಲ. ಕೊನೆಗೆ ಅಮ್ಮ ನನ್ನೆದುರು ಕೂತು, ಕಾಯಿಹಾಲು ಕಲಸಿ, ತುತ್ತು ಮಾಡಿ ಬಾಯಿಗಿಡತೊಡಗಿದಳು. ರಾಜ್ಯಮಟ್ಟದ ವೇದಿಕೆಗಳಲ್ಲಿ ಮಾತಾಡಿದ ಬಾಯಿ ಅದು. ಎದುರಾಳಿ ಪಕ್ಕದಲ್ಲೇ ಕೂತು ಸೊರಸೊರನೆ ಉಣ್ಣುತ್ತಿದ್ದ.

"ಒಂದೇ ಪ್ರಶ್ನೆ" ಎಂದೆ. "ಆ ಬೋಲ್ಟು..."

ತುತ್ತು ಬಂತು. ನುಂಗಿದೆ.

"ಆ ಬೋಲ್ಟು ಬೆಂಚಿಂದೇ ಆಗಿತ್ತಾ, ಅಲ್ವಾ? ಹೌದು ಅನ್ನಿ, ಇಲ್ಲ ಅನ್ನಿ."

ಅವನ ಕೈ ನಿಂತಿತು. ನನ್ನ ಬ್ಯಾಂಡೇಜನ್ನು ನೋಡಿದ. "ತಮ್ಮ, ಅದು..." ಎಂದು ತಲೆ ತಗ್ಗಿಸಿದ. ಬಂದೇಬಿಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಅಮ್ಮ ಎದ್ದು ಅವನ ಎಲೆಗೆ ಇನ್ನೊಂದು ಹಿಡಿ ಶಾವಿಗೆ ಹಾಕಿ, ಮೇಲೆ ಕಾಯಿಹಾಲು ಸುರಿದಳು. "ಸಾಕು ಅತ್ತೆ, ಸಾಕು" ಎಂದು ಅವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಮಾತು ಅದರಡಿಗೇ ಹೋಯಿತು.

"ಎಲೆ ಮುಂದೆ ಕೂತೋರ್ನ ಹಂಗೆಲ್ಲ ಕೇಳ್ಬಾರ್ದು ಕಣೋ" ಎಂದರು ಅಪ್ಪ.

"ಎಲೆ ಎತ್ತಿದ್ಮೇಲೆ ಕೇಳ್ಲಾ?"

"ಎಲೆ ಎತ್ತಿದ್ಮೇಲೆ ಇನ್ನೇನ್ ಉಳ್ದಿರುತ್ತೆ ಕೇಳೋಕೆ?"

ಎಲೆ ಎತ್ತಿದರು. ಅವನು ಎಲೆಅಡಿಕೆ ಹಾಕಿಕೊಂಡು, ಅಪ್ಪನ ಕಾಲಿಗೆ ನಮಸ್ಕರಿಸಿ, "ಜಿಮ್ ನಿಂದೇ ತಮ್ಮ, ಇನ್ಮೇಲೆ ಫೀಸು ಗೀಸು ಅಂತ ಬಂದ್ರೆ ನನ್ಗೆ ಬೇಜಾರಾಗುತ್ತೆ" ಎಂದು ಹೊರಟ. ಆಸ್ಪತ್ರೆಯ ಖರ್ಚಿನ ಮಾತೆತ್ತಿದರೆ ಅಪ್ಪ ನನ್ನನ್ನು ವಿಚಿತ್ರವಾಗಿ ನೋಡಿದರು. ನೆಂಟರ ಹತ್ತಿರ ಯಾರಾದರೂ ಹಾಗೆ ಕೇಳುವುದುಂಟೇ ಎಂಬ ಅಚ್ಚರಿ ಅದು. ಬೈದಿದ್ದರೆ ವಾದಿಸಬಹುದಿತ್ತು.

ಕಡೂರಿಗೆ ಫೋನು ಮಾಡಿದೆ.

"ಮನೇಲಿ ಉಂಡು ಹೋದ್ನಾ?" ವಕೀಲ ಗೆಳೆಯನ ದನಿ ಇಳಿಯಿತು. "ಏನ್ ಊಟ?"

"ಒತ್ತು ಶಾವಿಗೆ, ಕಾಯಿಹಾಲು."

ಆ ಕಡೆ ಫೈಲು ಮುಚ್ಚಿದ ಸದ್ದಾಯಿತು. "ಶಾವಿಗೆ ಒತ್ತೋದು ನೆಂಟ್ರಿಗೆ. ಅನ್ನ ಸಾರು ಆಗಿದ್ರೆ ಏನಾದ್ರೂ ನೋಡ್ಬಹುದಿತ್ತು ಕಣೋ."

"ತಮಾಷೆ ಬೇಡ. ಕಾನೂನಿನಲ್ಲಿ ಶಾವಿಗೆ ಎಲ್ಲಿದೆ?"

"ಎಲ್ಲೂ ಇಲ್ಲ. ಆದ್ರೆ ನಾನು ನೋಟಿಸ್ ಕಳ್ಸಿದ್ರೆ ನಾಳಿದ್ದು ನಿಮ್ಮಪ್ಪ ಬಂದು ನನ್ನ ಆಫೀಸಲ್ಲಿ ಕೂರ್ತಾರೆ. ನಾನು ಅವ್ರಿಗೂ ಕಾಫಿ ಕೊಡ್ಬೇಕು. ಬಿಟ್ಬಿಡೋ."

ಬ್ಯಾಂಡೇಜು ಬಿಚ್ಚಿದ ಮೇಲೆ ಒಂದು ಸಂಜೆ ಜಿಮ್ಮಿಗೆ ಹೋದೆ. ಹೊಸ ಉಗುರು ಸೊಟ್ಟಗೆ, ಏರುತಗ್ಗಾಗಿ ಬರುತ್ತಿತ್ತು. ಮಾಲೀಕ ಇರಲಿಲ್ಲ. ಬೆಂಚಿನಲ್ಲಿ ಅದೇ ಬೋಲ್ಟು. ಕುಂಕುಮ ಮಾಸಿತ್ತು, ತಂತಿ ಮಾತ್ರ ಹೊಸದು. ಯಾರೋ ಹೊಸಬ ಎರಡು ಕೈಗೂ ತೂಕ ತೆಗೆದುಕೊಂಡು ಅದರ ಮೇಲೆ ಒರಗಲು ಬಂದ.

"ಅದು ಸರಿಯಿಲ್ಲ, ಕುಸಿಯುತ್ತೆ" ಎಂದೆ. ಬೆರಳನ್ನೂ ತೋರಿಸಿದೆ.

ಅವನು ಬೆರಳು ನೋಡಿದ, ನನ್ನ ಮುಖ ನೋಡಿದ. "ನೀವು ಓನರ್ ತಮ್ಮ ಅಲ್ವಾ ಸಾರ್? ನೀವೇ ಹೇಳಿ ಸರಿ ಮಾಡ್ಸಿ. ನಮ್ಮಾತು ಎಲ್ಲಿ ಕೇಳ್ತಾರೆ?" ಎಂದವನು ಹಾಗೇ ಒರಗಿ, ತೂಕ ಎತ್ತಲು ಶುರುಮಾಡಿದ.

ನಾನು ಬೆಂಚಿನ ಹಿಂದೆ ಬಗ್ಗಿ, ಅವನು ಮುಗಿಸುವವರೆಗೂ ಎಡಗೈಯಿಂದ ಬೋಲ್ಟನ್ನು ಒತ್ತಿ ಹಿಡಿದುಕೊಂಡೆ.

"ಥ್ಯಾಂಕ್ಸ್ ಸಾರ್" ಎಂದ, ಮುಖ ಒರೆಸಿಕೊಳ್ಳುತ್ತ. "ಹಂಗೇ ಹಿಡ್ಕೊಂಡಿರಿ, ಇನ್ನೊಂದು ಸೆಟ್ ಐತೆ."