ವೈನಿಗೆ ಹೊಲಿದ ಕೀಲಿಕೈ ಪಟ್ಟಿ

ವೈನಿ, ತಿಜೋರಿಯ ಕೀಲಿಕೈ ಹೊಳೆಯ ಪಾಲಾದದ್ದು ನಿಮ್ಮಿಂದಲ್ಲ. ನನ್ನಿಂದ. ಐದು ವರ್ಷ ಇದನ್ನು ನುಂಗಿಕೊಂಡೇ ನಿಮ್ಮ ಪಕ್ಕದಲ್ಲಿ ಕುಳಿತು ಉಂಡಿದ್ದೇನೆ —

೧೯೯೧ರ ಜನವರಿಯಲ್ಲಿ ಅವ್ವ ತನ್ನ ಸೊಂಟದ ಕೀಲಿಕೈಗಳನ್ನು ಬಿಚ್ಚಿ ನಿಮ್ಮ ಕೈಗೆ ಕೊಟ್ಟಳು. ಅಣ್ಣನ ಕೈ ಹಿಡಿದು ನೀವು ನಮ್ಮ ಮನೆಗೆ ಸೊಸೆಯಾಗಿ ಬಂದ ಮೂರನೆಯ ವರ್ಷ ಅದು. ಆಗಷ್ಟೇ ನಾನು ಉಗಾರದಲ್ಲಿ ಹೊಲಿಗೆ ಕಲಿಯಲು ಸೇರಿದ್ದೆ. ಹೊಸಬರಿಗೆ ಮೊದಲ ಕೆಲಸ, ಮಣಿಕಟ್ಟಿಗೆ ಹಾಕಿಕೊಳ್ಳುವ ಕೀಲಿಕೈ ಪಟ್ಟಿ. ಉದ್ದನೆಯ ತುಂಡಿನ ಎರಡೂ ಅಂಚು ಒಳಗೆ ಮಡಚಿ, ಮತ್ತೊಮ್ಮೆ ಮಡಚಿ ಹೊಲಿದು, ಕೀಲಿಕೈಗಳ ರಿಂಗಿನಲ್ಲಿ ಪೋಣಿಸಿ, ಕೊನೆಗೆ ಎರಡು ತುದಿ ಕೂಡಿಸಿ ಹೊಲಿಯಬೇಕು. ಭಾರವೆಲ್ಲ ಆ ಕೊನೆಯ ಹೊಲಿಗೆಯ ಮೇಲೆ. ನಿಮ್ಮ ಕುಪ್ಪಸ ಹೊಲಿದು ಉಳಿದ ಹಸಿರು ಖಣವನ್ನೇ ತೆಗೆದುಕೊಂಡಿದ್ದೆ.

ತುದಿ ಹೊಲಿಯುವಾಗ ಮಶೀನಿನ ಕೆಳಗಿನ ಬಾಬಿನ್ ದಾರ ಮುಗಿದಿತ್ತು. ಹೊಲಿಗೆ ಬೀಳದೆ ಸೂಜಿ ಸುಮ್ಮನೆ ಕುಣಿಯುತ್ತಿತ್ತು.

"ಏನವ್ವಾ, ಮಶೀನ್ ಓಡಸಾಕತ್ತೀಯೋ, ಕುದರಿ ಓಡಸಾಕತ್ತೀಯೋ? ಕೆಳಗ ದಾರ ಐತೇನ ನೋಡ!" ಎಂದರು ನಾವು 'ಬಾಯಿ' ಎಂದು ಕರೆಯುವ ಹೊಲಿಗೆ ಟೀಚರು. ಹುಡುಗಿಯರೆಲ್ಲ ನಕ್ಕರು.

"ಐತ್ರಿ ಬಾಯಿ," ಎಂದುಬಿಟ್ಟೆ. ಮನೆಯಲ್ಲಾದರೂ ಕೈಯಿಂದ ಹೊಲಿಯಬಹುದಿತ್ತು — ಹೊಲಿಯಲಿಲ್ಲ. ತುದಿಗಳಿಗೆ ಗೋಂದು ಹಚ್ಚಿ, ಇಸ್ತ್ರಿ ಒತ್ತಿ, ನಿಮ್ಮ ಕೈಗೆ ತೊಡಿಸಿದೆ. ಗೋಂದು ನೀರಿಗೆ ಬಿಡುತ್ತದೆಂದು ಗೊತ್ತಿತ್ತು. ನೀವು ಹೊಳೆಗೆ ಬಟ್ಟೆ ಒಗೆಯಲು ಹೋಗುವುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಲಿಲ್ಲ, ಅಷ್ಟೇ.

ಮರುದಿನ ನೀವು ಹೊಳೆಯಿಂದ ಬರಿಗೈಲಿ ಬಂದಿರಿ.

"ಪಟ್ಟಿ ಬಿಚ್ಚಿರಬೇಕ್ರಿ ಅತ್ತಿ."

ಅವ್ವ ನನ್ನತ್ತ ತಿರುಗಿದಳು. "ಗಟ್ಟಿ ಹೊಲದಿದ್ದಿ, ಹೌದಿಲ್ಲೊ?"

"ಎರಡ ಸಲ ಹೊಲದೇನವ್ವ."

ನಾನಾಡಿದ ಸುಳ್ಳು ಇದೇ ಮಾತು. ಇಷ್ಟೇ.

"ಹಂಗಾರ ಇಕೀನ ಕಳಚಿ ಕಲ್ಲಮ್ಯಾಲ ಇಟ್ಟ ಮರತಾಳ. ಮ್ಯಾಲ ಸುಳ್ಳ ಬ್ಯಾರೆ," ಎಂದಳು ಅವ್ವ. ತಿಜೋರಿಗೆ ಹೊಸ ಬೀಗ ಬಂತು, ಕೀಲಿಕೈ ಅವಳ ಸೊಂಟಕ್ಕೇ ಮರಳಿತು. ಅಂದಿನಿಂದ ಅದರೊಳಗಿನ ನಿಮ್ಮದೇ ಸೀರೆ ತೆಗೆಯಲೂ ನೀವು ಅವಳ ಮುಂದೆ ನಿಂತು ಕೇಳುತ್ತೀರಿ. ಅಂದಿನ ದಿನಚರಿಯಲ್ಲಿ ನಾನು ಬರೆದದ್ದು "ಕೀಲಿಕೈ ಕಳೆಯಿತು" ಎಂದು ಮಾತ್ರ — ಯಾರಿಂದ ಎಂದು ಬರೆಯಲಿಲ್ಲ.

ನೀವು ಒಳಗೊಳಗೇ ನನ್ನನ್ನು ಬೈಯುತ್ತಿರಬಹುದೆಂದು ಎಣಿಸಿದ್ದೆ. ಆದರೆ ಮೊನ್ನೆ, ಏಕಸಂಬಿಯಿಂದ ಬಂದ ನಿಮ್ಮ ತಮ್ಮ, ತನ್ನ ಮಗಳ ಸರವನ್ನು ನಿಮ್ಮಲ್ಲಿ ಇಡಲು ಬಂದಾಗ ನೀವು ಕೈ ಹಿಂದೆ ತೆಗೆದಿರಿ. "ನನ್ನ ಕಡೆ ಬ್ಯಾಡೋ, ನನ್ನ ಕೈ ಸಡ್ಲ. ಅತ್ತೀ ಕಡೆ ಕೊಡ," ಎಂದಿರಿ — ನಗುತ್ತಲೇ. ನನ್ನ ಸುಳ್ಳನ್ನು ನೀವೂ ನಂಬಿದ್ದೀರಿ.

ಕ್ಷಮಿಸಿ ಎಂದು ಕೇಳಲಾರೆ. ಇಂದು ಎಲ್ಲರೂ ಊಟಕ್ಕೆ ಕುಳಿತಾಗ, ಅಣ್ಣನೂ ಇರುವಾಗ, ಅವ್ವನಿಗೆ ಹೇಳುತ್ತೇನೆ. ಅವಳು ಏನು ಮಾಡುತ್ತಾಳೋ, ಮಾಡಲಿ. ಆದರೆ ಮೊದಲು ನಿಮಗೆ ತಿಳಿಯಬೇಕು — ನಿಮ್ಮ ಕೈ ಎಂದೂ ಸಡಿಲವಾಗಿರಲಿಲ್ಲ, ವೈನಿ.