ಮ್ಯಾನೇಜರರ ಹೆಂಡತಿಗೊಂದು ಸೀರೆ

ಅಬುಧಾಬಿಯ ಮುಸಫ್ಫಾದಲ್ಲಿದ್ದ ನಮ್ಮ ಉಕ್ಕಿನ ಫ್ಯಾಬ್ರಿಕೇಶನ್ ಯಾರ್ಡಿಗೆ ಆ ವರ್ಷ ಒಬ್ಬ ಕೊರಿಯನ್ ಮ್ಯಾನೇಜರ್ ಬಂದಿದ್ದರು. ಐವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಮನುಷ್ಯ. ಮಾತು ಕಡಿಮೆ, ಆಡಿದ್ದರಲ್ಲಿ ಹೆಚ್ಚಿನದು ಬೈಗುಳ. ಅವರ ಇಂಗ್ಲಿಷಿನಲ್ಲಿ ಪದಗಳು ಕೆಲವೇ ಇದ್ದವು, ಆದರೆ ಬೈಯಲು ಅಷ್ಟು ಧಾರಾಳ ಸಾಕಾಗುತ್ತಿತ್ತು. ಡ್ರಾಯಿಂಗುಗಳಿಗೆ ನಂಬರು ಹಾಕಿ ಸರಿಯಾದವರ ಕೈಗೆ ಮುಟ್ಟಿಸುವುದು ನನ್ನ ಕೆಲಸ. ಅವರು ಕ್ಯಾಬಿನ್ನಿಗೆ ಕರೆದರೆಂದರೆ ಏನೋ ತಪ್ಪಾಗಿದೆ ಎಂದೇ ಅರ್ಥ. ಹಾಗಾಗಿ ಒಂದು ಗುರುವಾರ ಕರೆ ಬಂದಾಗ ನಾನು ಫೈಲುಗಳನ್ನೆಲ್ಲ ಎದೆಗವಚಿಕೊಂಡು ಹೋದೆ.

ಅವರು ಫೈಲುಗಳತ್ತ ನೋಡಲೇ ಇಲ್ಲ. "ನನ್ನ ಹೆಂಡತಿ ಕೊರಿಯಾದಿಂದ ಬಂದಿದ್ದಾಳೆ. ಸೀರೆ ಬೇಕಂತೆ. ನೀನು ಇಂಡಿಯನ್. ನಿನಗೆ ಸೀರೆ ಗೊತ್ತು," ಎಂದರು.

"ಗೊತ್ತು ಸರ್," ಎಂದೆ. ಮ್ಯಾನೇಜರಿಗೆ ಇಲ್ಲ ಎನ್ನುವ ಅಭ್ಯಾಸ ನಮ್ಮ ಯಾರ್ಡಿನಲ್ಲಿ ಯಾರಿಗೂ ಇರಲಿಲ್ಲ.

ಖಾಲಿದಿಯಾದ ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ತಿರುಗಿದಳು. "ನಿಮಗೆ ಸೀರೆಯದ್ದು ಎಂತ ಗೊತ್ತುಂಟು ಮಾರಾಯ್ರೆ? ನಾನು ಹೊಸತು ಉಟ್ಟರೂ ಇದು ಹಳತಾ ಅಂತ ಕೇಳುವ ಜನ ನೀವು."

"ಅದಕ್ಕೇ ನೀನೂ ಬಾ."

"ನಾಳೆ ಶುಕ್ರವಾರ ಅಲ್ವಾ? ಬೆಳಿಗ್ಗೆ ಅಂಗಡಿ ತೆರೆದಿರ್ತದಾ?"

"ಬೇಗ ಹೋದರೆ ರಶ್ ಇರುವುದಿಲ್ಲ," ಎಂದು ಅವಳ ಬಾಯಿ ಮುಚ್ಚಿಸಿದೆ.

ರಶ್ ನಿಜಕ್ಕೂ ಇರಲಿಲ್ಲ. ಮ್ಯಾನೇಜರರ ಕಾರಿನಲ್ಲಿ ಅಬುಧಾಬಿಯಿಂದ ಒಂದೂವರೆ ಗಂಟೆ ಪ್ರಯಾಣ ಮಾಡಿ, ಬರ್ ದುಬೈಯ ಬಟ್ಟೆ ಬೀದಿಯಲ್ಲಿ ಇಳಿದರೆ ಈ ತುದಿಯಿಂದ ಆ ತುದಿಯವರೆಗೆ ಶಟರ್ ಎಳೆದಿತ್ತು. ಶುಕ್ರವಾರ ದೊಡ್ಡ ಅಂಗಡಿಗಳು ತೆರೆಯುವುದು ನಾಲ್ಕರ ಮೇಲೆ ಎಂದು ಅಲ್ಲಿದ್ದ ಕಾವಲುಗಾರ ಹೇಳಿದ. ಈ ದೇಶಕ್ಕೆ ನಾನು ಬಂದು ಆರು ವರ್ಷವಾಗಿತ್ತು, ಮ್ಯಾನೇಜರ್ ಬಂದು ಆರು ತಿಂಗಳು. ಅವರು ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಯಾರ್ಡಿನಲ್ಲಿ ಆಗಿದ್ದರೆ ಆ ನೋಟದ ಬೆನ್ನಿಗೇ ಒಂದು ವಾರ್ನಿಂಗ್ ಪತ್ರ ಬರುತ್ತಿತ್ತು.

ನನ್ನ ಹೆಂಡತಿ ಯಾರನ್ನೂ ಕೇಳದೆ ಮ್ಯಾನೇಜರರ ಹೆಂಡತಿಯ ಕೈ ಹಿಡಿದು ಅಲ್ಲೇ ಹತ್ತಿರದ ಹಿಂದೂ ದೇವಸ್ಥಾನದ ಗಲ್ಲಿಗೆ ನಡೆದಳು. ಇಬ್ಬರಿಗೂ ಸೇರಿ ಒಂದು ಭಾಷೆ ಇರಲಿಲ್ಲ. ಹತ್ತು ನಿಮಿಷದಲ್ಲಿ ಇಬ್ಬರೂ ಮಲ್ಲಿಗೆ ಮುಡಿದುಕೊಂಡು, ಯಾವುದೋ ವಿಷಯಕ್ಕೆ ನಗುತ್ತ ತಿರುಗಿ ಬಂದರು. ಇಂಗ್ಲಿಷ್ ಬಲ್ಲ ನಾವಿಬ್ಬರು ಗಂಡಸರು ಅಷ್ಟು ಹೊತ್ತೂ ಬೀದಿಯ ಪಕ್ಕದ ಖಾಡಿಯ ನೀರು ನೋಡುತ್ತ ಸುಮ್ಮನೆ ನಿಂತಿದ್ದೆವು. ಆಮೇಲೆ ಹೊತ್ತು ಕಳೆಯಲು ಎಲ್ಲರೂ ಅಬ್ರಾ ದೋಣಿ ಹತ್ತಿ ಆಚೆ ದಡಕ್ಕೆ ಹೋದೆವು. ಅಲ್ಲಿಯೂ ಶಟರ್ ಎಳೆದಿತ್ತು. ಅದೇ ದೋಣಿಯಲ್ಲಿ ವಾಪಸು ಬಂದೆವು.

ನಮಾಜು ಮುಗಿದ ಮೇಲೆ ಒಂದು ಸಸ್ಯಾಹಾರಿ ಹೋಟೆಲು ತೆರೆಯಿತು. ಮಾಂಸವಿಲ್ಲ ಎಂದು ತಿಳಿದಾಗ ಮ್ಯಾನೇಜರರ ಮುಖ ಇಳಿದುಹೋಯಿತು. ಊಟದ ತಟ್ಟೆ ಬಂದಾಗ ಅದರಲ್ಲಿದ್ದ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಮೂಸಿದರು. ಮಾವಿನಮಿಡಿ ಉಪ್ಪಿನಕಾಯಿಯ ಬಳಿ ಬಂದಾಗ ಅವರ ಕೈ ನಿಂತಿತು. ಒಂದು ಮಿಡಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಖಾರ ಹತ್ತಿತೆಂದು ನಾನು ನೀರು ಮುಂದೆ ಮಾಡಿದೆ. ಅವರು ಲೋಟವನ್ನು ಪಕ್ಕಕ್ಕೆ ಸರಿಸಿ, "ಇನ್ನೂ," ಎಂದರು.

ಬಡಿಸುತ್ತಿದ್ದವನು ನಮ್ಮ ಕುಂದಾಪುರದ ಕಡೆಯವನು. ನಾಲ್ಕನೆಯ ಸಲ ಉಪ್ಪಿನಕಾಯಿ ತಂದಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ಸರ್, ಇವರಿಗೆ ಅನ್ನ ಬೇಕಾ, ಇಲ್ಲ ಇದನ್ನೇ ಊಟ ಮಾಡ್ತಾರಾ?" ಎಂದು ಕೇಳಿದ.

ಮ್ಯಾನೇಜರರ ಹೆಂಡತಿ ಚಮಚ ಬಿಟ್ಟು, ನನ್ನ ಹೆಂಡತಿಯ ಬೆರಳುಗಳನ್ನೇ ನೋಡುತ್ತ ಕೈಯಲ್ಲಿ ಕಲಸಲು ಶುರುಮಾಡಿದ್ದರು. ಸಾರು ಮೊಣಕೈವರೆಗೆ ಹರಿಯಿತು. ಮ್ಯಾನೇಜರ್ ನಕ್ಕರು. ಅವರಿಗೆ ಹಲ್ಲುಗಳಿವೆ ಎಂಬುದನ್ನು ನಾನು ಅಂದೇ ಕಂಡದ್ದು.

ನಾಲ್ಕು ಗಂಟೆಗೆ ಕೊನೆಗೂ ಸೀರೆ ಅಂಗಡಿ ಹೊಕ್ಕೆವು. ಪರದೇಶದವರನ್ನು ಕಂಡದ್ದೇ ಅಂಗಡಿಯವ ಕಪಾಟಿನ ಜರಿಯನ್ನೆಲ್ಲ ಕೆಳಗಿಳಿಸಿದ. ದಪ್ಪ ಮೀಸೆಯ ಸೇಲ್ಸ್‌ಮನ್ ಒಬ್ಬ ಪ್ಯಾಂಟಿನ ಮೇಲೆಯೇ ಕೆಂಪು ರೇಷ್ಮೆ ಸೀರೆ ಸುತ್ತಿಕೊಂಡು, ನೆರಿಗೆ ಹಿಡಿದು, ಸೆರಗು ಹಾಕಿ ನಾಚಿಕೆಯಿಲ್ಲದೆ ನಿಂತ. ಮ್ಯಾನೇಜರ್ ಅವನ ಫೋಟೋ ತೆಗೆದುಕೊಂಡರು. ನಾನು ಪರಿಣತನಂತೆ ಅಂಚು ಮುಟ್ಟಿ, "ಪ್ಯೂರ್ ಸಿಲ್ಕ್ ಸರ್," ಎಂದೆ. ನಾನು ಮುಟ್ಟಿದ್ದು ಸೀರೆಯ ಅಂಚಲ್ಲ, ಕೌಂಟರಿಗೆ ಹಾಸಿದ್ದ ಬಟ್ಟೆ ಎಂದು ನನ್ನ ಹೆಂಡತಿ ತುಳುವಿನಲ್ಲಿ ಮೆಲ್ಲಗೆ ತಿಳಿಸಿದಳು.

ಮ್ಯಾನೇಜರರ ಹೆಂಡತಿ ಯಾವುದನ್ನೂ ಒಪ್ಪಲಿಲ್ಲ. ಮೂಲೆಯ ಕಪಾಟಿನ ಕೆಳಗಿನ ಅರೆಯಲ್ಲಿ ಪೇರಿಸಿಟ್ಟಿದ್ದ ನೀಲಿ ಚೌಕುಳಿಯ ಹತ್ತಿ ಸೀರೆಯನ್ನು ತೋರಿಸಿದರು. ನಮ್ಮ ಅಮ್ಮ ಮನೆಯಲ್ಲಿ ಉಟ್ಟು ಪಾತ್ರೆ ತೊಳೆಯುವಂಥ ಸೀರೆ ಅದು. ನನಗೆ ಇದ್ದಕ್ಕಿದ್ದಂತೆ ದೇಶದ ಮರ್ಯಾದೆಯ ಪ್ರಶ್ನೆ ಬಂತು. "ಸರ್, ಅದು ಅಡುಗೆಮನೆಗೆ ಉಡುವುದು. ರೇಷ್ಮೆ ತೆಗೆದುಕೊಳ್ಳಲಿ," ಎಂದೆ.

ಅವರು ಹೆಂಡತಿಗೆ ಕೊರಿಯನ್ ಭಾಷೆಯಲ್ಲಿ ಹೇಳಿ, ಉತ್ತರ ಕೇಳಿ, ನನ್ನ ಕಡೆ ತಿರುಗಿದರು. "ನನಗೂ ಅಡುಗೆಮನೆ ಇದೆ ಅಂತಾಳೆ."

ನನ್ನ ಹೆಂಡತಿಯೂ ಒಂದು ಸೀರೆ ಆರಿಸಿಕೊಳ್ಳಬೇಕೆಂದು ಮ್ಯಾನೇಜರ್ ಹಟ ಹಿಡಿದರು. ಅವಳು ಮರ್ಯಾದೆಗೆ ಮೂರು ಸಲ ಬೇಡವೆಂದಳು. ನಾಲ್ಕನೆಯ ಸಲ, ಸ್ವಲ್ಪವೂ ಯೋಚಿಸದೆ, ಆ ಮೀಸೆಯವನ ಮೈಮೇಲಿದ್ದ ಕೆಂಪು ರೇಷ್ಮೆಯನ್ನೇ ತೋರಿಸಿದಳು. ಅವನು ಅಲ್ಲಿಯೇ ಬಿಚ್ಚಿ ಮಡಚಿ ಕೊಟ್ಟ.

ಕತ್ತಲಾದ ಮೇಲೆ ಖಾಲಿದಿಯಾ ತಲುಪಿದೆವು. ಕಾರಿನಿಂದ ಇಳಿಯುತ್ತ ನನ್ನ ಹೆಂಡತಿ ಊರಿನಲ್ಲಿ ಹೇಳುವಂತೆ, "ಬನ್ನಿ, ಚಹಾ ಕುಡಿದು ಹೋಗಿ," ಎಂದು ಕೈಸನ್ನೆ ಮಾಡಿದಳು. ಊರಿನಲ್ಲಾದರೆ ಅದಕ್ಕೆ 'ಇನ್ನೊಮ್ಮೆ ಬರುತ್ತೇವೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವರಿಗೆ ಅದನ್ನು ಯಾರು ಹೇಳಿಕೊಡಬೇಕು? ಇಬ್ಬರೂ ಇಳಿದು ಬಂದೇಬಿಟ್ಟರು. ನಮ್ಮದು ಒಂದು ಫ್ಲ್ಯಾಟನ್ನು ಹಲಗೆಯಿಂದ ಎರಡು ಮಾಡಿದ ಮನೆ. ಒಂದೇ ಸೋಫಾ, ಅದರ ಮೇಲೆ ಇಡೀ ವಾರದ ಒಗೆದ ಬಟ್ಟೆ. ನಾನು ಬಟ್ಟೆ ಬಾಚಿಕೊಳ್ಳುವಷ್ಟರಲ್ಲಿ ಅವರಿಬ್ಬರೂ ಚಪ್ಪಲಿ, ಶೂ ಬಾಗಿಲಲ್ಲಿ ಕಳಚಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು.

ಚಹಾ ಕುಡಿಯುತ್ತ ಮ್ಯಾನೇಜರ್ ನಡುವಿನ ಹಲಗೆ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿದರು. "ನನ್ನ ಅಪ್ಪನೂ ಗಲ್ಫಿನಲ್ಲಿದ್ದ," ಎಂದರು.

"ಮ್ಯಾನೇಜರಾಗಿಯಾ ಸರ್?"

"ಇಲ್ಲ. ರಸ್ತೆ ಕೆಲಸ. ಲೇಬರ್ ಕ್ಯಾಂಪ್. ಸೌದಿಯಲ್ಲಿ ಎಂಟು ವರ್ಷ." ಪದಗಳನ್ನು ಹುಡುಕುತ್ತ ಲೋಟ ಕೆಳಗಿಟ್ಟರು. "ಒಮ್ಮೆ ರಜೆಗೆ ಬಂದ. ನಾನು ಅಮ್ಮನನ್ನು ಕೇಳಿದೆ, ಈ ಮಾಮ ಯಾವಾಗ ಹೋಗುತ್ತಾನೆ ಅಂತ."

ನಾನು ನನ್ನ ಹೆಂಡತಿಗೆ ಅದನ್ನು ತುಳುವಿನಲ್ಲಿ ಹೇಳಿದೆ. ಅವಳು ಅವರ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದಳು. ಅವರು ಅದನ್ನೂ ಕುಡಿದು, ಎದ್ದು, ಬಾಗಿಲಲ್ಲಿ ನಮ್ಮಿಬ್ಬರಿಗೂ ತಲೆಬಾಗಿಸಿ ಹೋದರು.

ವಾರದ ರಜೆ ಮುಗಿದು ಭಾನುವಾರ ಯಾರ್ಡು ತೆರೆದಾಗ ಅವರು ಮತ್ತೆ ಎಂದಿನ ಮ್ಯಾನೇಜರ್. ಒಂದು ಡ್ರಾಯಿಂಗ್ ತಡವಾಗಿ, ಇನ್ನೂ ವರ್ಕ್‌ಶಾಪಿಗೆ ಮುಟ್ಟದಿದ್ದದ್ದಕ್ಕೆ ಎಲ್ಲರೆದುರು ನನಗೆ ಮಂಗಳಾರತಿ ಎತ್ತಿದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಜೊತೆಯವರು ಸುತ್ತ ಕೂತು, ಅಂಥ ಮನುಷ್ಯನನ್ನು ಇಡೀ ದಿನ ಸುತ್ತಿಸಿ ನಿನಗೇನು ಸಿಕ್ಕಿತು ಎಂದು ಕೇಳಿದರು. ಹೆಂಡತಿಗೊಂದು ಸೀರೆ ಎಂದೆ. ಅಪ್ಪನ ವಿಷಯ ಹೇಳಲಿಲ್ಲ. ಹೇಳಿದ್ದರೆ ಆ ಸಂಜೆಯೊಳಗೆ ಯಾರ್ಡಿನಲ್ಲಿ ಅವರಿಗೆ ಹೆದರುವವರು ಯಾರೂ ಉಳಿಯುತ್ತಿರಲಿಲ್ಲ. ಬೈಸಿಕೊಂಡವನು ನಾನು, ಅವರ ದರ್ಪ ಕಾಪಾಡುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು. ಊಟ ಮುಗಿಸಿ, ತಡವಾದ ಡ್ರಾಯಿಂಗ್ ಹಿಡಿದುಕೊಂಡು ವರ್ಕ್‌ಶಾಪಿಗೆ ನಾನೇ ನಡೆದುಹೋದೆ.