ಹಿಂದಿನ ಗಾಲಿಯ ಕಡ್ಡಿಗಳು

ನನ್ನ ಹೆಂಡತಿಯ ಸೈಕಲ್ಲಿನ ಹಿಂದಿನ ಗಾಲಿಯ ಕಡ್ಡಿಗಳನ್ನು ಸಡಿಲಿಸುತ್ತಿದ್ದವನು ನಾನೇ. ಅವಳ ಸವಾರಿಯಿಂದಲೇ ಅವು ಸಡಿಲಾಗುತ್ತವೆ ಎಂದು ಅವಳೂ ನಂಬಿದಳು, ಊರೂ ನಂಬಿತು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬಾಯಿ ಬಿಡಲಿಲ್ಲ.

ಎಪ್ಪತ್ತರ ದಶಕದ ಮಾತು. ಅಕ್ಕಲಕೋಟದಲ್ಲಿ ನಮ್ಮ ಬಿಡಾರ. ನಾನು ದಿನವೂ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ, ನವಿ ಪೇಠದ ಅರಿವೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಥಾನು ಬಿಚ್ಚಿ ತೋರಿಸುತ್ತಿದ್ದೆ. ಸುಶೀಲಾ ಮೈಂದರ್ಗಿ ರಸ್ತೆಯ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಶಿಕ್ಷಕಿ. ನಾಲ್ಕು ಮೈಲಿ ದಾರಿ. ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಅದಕ್ಕೆಂದೇ ಸೈಕಲ್ ಕೊಂಡಳು. ತವರಿನಲ್ಲೇ ಕಲಿತಿದ್ದಳು. ನನಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ — ಇಂದಿಗೂ ಬರುವುದಿಲ್ಲ.

“ಏನಪಾ, ಬಾಯ್ಕೋ ಸೈಕಲ್ ಮ್ಯಾಲ, ನೀ ಕಾಲ್ ಮ್ಯಾಲ!” ಎಂದು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಡತಿಯ ಮಾತೆತ್ತಿ ಚಾಷ್ಟಿ ಮಾಡಿದ್ದ. ಎಲ್ಲರೂ ನಕ್ಕಿದ್ದರು. ಆ ನಗುವಿನ ಮೇಲೆ ತಪ್ಪು ಹೊರಿಸಿ ಬಹಳ ವರ್ಷ ನನ್ನನ್ನೇ ನಾನು ಸಮಾಧಾನ ಮಾಡಿಕೊಂಡೆ. ಆದರೆ ನಿಜವಾದ ಕಾರಣ ಬೇರೆ. ನನ್ನ ಅಂಗಡಿಗೆ ರಜೆಯಿದ್ದ ಒಂದು ದಿನ ಅವಳು ಶಾಲೆಯಿಂದ ಬರುವುದನ್ನು ದೂರದಿಂದ ಕಂಡೆ. ಇಳಿಜಾರಿನಲ್ಲಿ ಪೆಡಲು ತುಳಿಯುವುದು ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಒಬ್ಬಳೇ ನಗುತ್ತಾ ಬರುತ್ತಿದ್ದಳು. ಮನೆಯಲ್ಲಿ, ನನ್ನೆದುರಿಗೆ, ಅವಳು ಹಾಗೆ ನಕ್ಕದ್ದು ಒಮ್ಮೆಯೂ — ಅದನ್ನು ನನ್ನಿಂದ ತಾಳಲಾಗಲಿಲ್ಲ.

ಬೋರಾಮಣಿಯ ನನ್ನ ಸೋದರಮಾವನದು ಸೈಕಲ್ ಅಂಗಡಿ. ಹೊಡೆಯಲು ಕಲಿಯದ ನನಗೆ ಕಡ್ಡಿ ಬಿಗಿಯುವುದು, ಸಡಿಲಿಸುವುದು ಮಾತ್ರ ಅಲ್ಲಿ ಕೂತು ನೋಡಿಯೇ ಗೊತ್ತಾಗಿತ್ತು. ಮುಂಜಾನೆ ನಳಕ್ಕೆ ನೀರು ಬಂದಾಗ ಅವಳು ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವಳು. ಅಷ್ಟರಲ್ಲಿ ಎರಡು ಕಡ್ಡಿ, ಕೆಲವೊಮ್ಮೆ ಮೂರು. ಪ್ರತಿಯೊಂದಕ್ಕೂ ಒಂದೆರಡು ಸುತ್ತು, ಅಷ್ಟೇ. ಗಾಲಿ ಒಲೆಯತೊಡಗಿ ಬ್ರೇಕಿಗೆ ಉಜ್ಜುತ್ತಿತ್ತು. ಬೇಸತ್ತು ತಾನಾಗಿಯೇ ಬಿಟ್ಟಾಳು ಎಂದುಕೊಂಡೆ.

ಅವಳು ಬಿಡಲಿಲ್ಲ. ವಾರ ವಾರವೂ ರಿಪೇರಿಯ ರಸೂಲ್‌ಭಾಯಿಯ ಹತ್ತಿರ ಹೋಗಿ ಗಾಲಿಯ ಔಟ್ ತೆಗೆಸಿ, ನೆಟ್ಟಗೆ ಮಾಡಿಸಿಕೊಂಡು ಬರುತ್ತಿದ್ದಳು. “ಬಾಯಿ, ನೀವು ತಗ್ಗು ನೋಡಲಾರದ ಹೊಡಿತೀರಿ. ಇಲ್ಲಾಂದ್ರ ಕಡ್ಡಿ ಹಿಂಗ ಸಡಲ ಆಗಂಗಿಲ್ಲ” ಎಂದನಂತೆ ಅವನು. ಅಂದಿನಿಂದ ತಗ್ಗು ಕಂಡಲ್ಲೆಲ್ಲ ಇಳಿದು, ಸೈಕಲ್ ನೂಕಿಕೊಂಡು ದಾಟತೊಡಗಿದಳು. ಅದನ್ನೂ ನನಗೆ ಅವಳೇ ಹೇಳಿದಳು. ನಾನು ಕೇಳಿಸಿಕೊಂಡೆ. ಮರುದಿನ ಮತ್ತೆ ಸಡಿಲಿಸಿದೆ.

ಮೂರನೆಯ ತಿಂಗಳು ಗಾಲಿ ಮಡಚಿಕೊಂಡಿತು — ಶಾಲೆಯ ಮುಂದೆಯೇ, ಮಕ್ಕಳ ಕಣ್ಣೆದುರಿಗೇ. ಎಡಗೈ ಮಣಿಕಟ್ಟು ಮುರಿಯಿತು. ಸಂಜೆ ನಾನು ಮನೆಗೆ ಬಂದಾಗ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

“ತಪ್ಪಾತ್ರಿ. ನನಗ ಹೊಡ್ಯಾಕ ಬರಂಗಿಲ್ಲ. ಸುಮ್ಮನ ಹಟ ಮಾಡಿದೆ” ಎಂದಳು.

ಆಗ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತೆಂದು ಬರೆದರೆ ಅದೂ ಸುಳ್ಳೇ ಆದೀತು — ಬಂದಿರಲಿಲ್ಲ. ನಾನು ಅವಳ ತಲೆ ಸವರಿ, “ಹೋಗ್ಲಿ ಬಿಡು” ಎಂದೆ. ಕಡ್ಡಿ ಸಡಿಲಿಸಿದ್ದಕ್ಕಿಂತ ನನ್ನನ್ನು ಹೆಚ್ಚು ಸುಡುವುದು ಇದೇ. ನಾನು ಅವಳನ್ನು ಕ್ಷಮಿಸಿದೆ!

ಸೈಕಲ್ ಮಾರಿದೆವು. ಬಸ್ಸಿಗೆ ಕಾದು, ತಡವಾಗಿ ತಲುಪಿ, ಮುಖ್ಯ ಗುರುಗಳಿಂದ ಬೈಸಿಕೊಳ್ಳುತ್ತಲೇ ಅವಳು ನೌಕರಿ ಮುಗಿಸಿದಳು. ಆ ಮಣಿಕಟ್ಟು ಪೂರ್ತಿ ತಿರುಗದು. ರೊಟ್ಟಿ ಬಡಿಯುವಾಗ ಈಗಲೂ ನಡುನಡುವೆ ನಿಲ್ಲಿಸುತ್ತಾಳೆ.

ಮೊನ್ನೆ ಮೊಮ್ಮಗಳು ಸ್ಕೂಟರ್ ತಂದಳು. “ಆಯಿ, ನೀ ಯಾವಾಗರೆ ಸೈಕಲ್ ಹೊಡದೀ ಏನ?” ಎಂದು ಕೇಳಿದಳು.

“ಹೊಡ್ಯಾಕ ಹೋಗಿ ಕೈ ಮುರ್ಕೊಂಡ್ನೆವ್ವಾ. ಕೆಲವ್ರಿಗೆ ಅದು ಬರಂಗಿಲ್ಲ” ಎಂದಳು ಸುಶೀಲಾ. ಸಂಕೋಚದಿಂದ ನಕ್ಕಳು.

ಅವತ್ತು ಮಧ್ಯಾಹ್ನ, ಮೊಮ್ಮಗಳು ಹೋದ ಮೇಲೆ, ಮೆಂತ್ಯೆ ಪಲ್ಯೆಯ ಎಲೆ ಬಿಡಿಸಿ ಸೋಸುತ್ತಿದ್ದವಳ ಎದುರು ಕೂತು ಎಲ್ಲವನ್ನೂ ಹೇಳಿದೆ. ಯಾಕೆ ಎಂದು ಕೇಳುತ್ತಾಳೆ, ಅಳುತ್ತಾಳೆ, ಎದ್ದು ಹೋಗುತ್ತಾಳೆ — ಎಲ್ಲದಕ್ಕೂ ಸಿದ್ಧನಾಗಿದ್ದೆ. ಅವಳು ಸೊಪ್ಪನ್ನು ಕೆಳಗಿಟ್ಟು, “ಎಷ್ಟು ಸಲರಿ?” ಎಂದು ಕೇಳಿದಳು.

ಒಂದೆರಡು ಸಲ ಎನ್ನಬೇಕೆನಿಸಿತು. “ಮೂರ ತಿಂಗಳು. ವಾರದಾಗ ಎರಡ ಸಲ” ಎಂದೆ.

ತನ್ನ ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡಳು. ನನ್ನ ಕಡೆ ನೋಡಲಿಲ್ಲ.

“ಅಂಥಾ ಗಾಲಿ ಮ್ಯಾಲ ಮೂರ ತಿಂಗಳು,” ಎಂದಳು ಮೆಲ್ಲಗೆ. “ಹಂಗಾರ ನಾ ಛಲೋ ಹೊಡೀತಿದ್ದೆ.”